ರಾಜ್ಯಸಭೆಯ ಸದಸ್ಯತ್ವ ಮತ್ತು ಅಧಿಕಾರಾವಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಜ್ಯಸಭೆ ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳ ತುಂಬ ಶಾಸಕರ ರೆಸಾರ್ಟ್ ವಾಸ್ತವ್ಯ, ಅಡ್ಡ ಮತದಾನ, ಕೊನೆಯ ಗಳಿಗೆಯ ಲೆಕ್ಕಾಚಾರಗಳೇ ಇರುತ್ತವೆ. ಗೆದ್ದವರು ಎಷ್ಟು ವರ್ಷ ಇರುತ್ತಾರೆ, ಎಲ್ಲರೂ ಒಟ್ಟಿಗೆ ಏಕೆ ನಿವೃತ್ತರಾಗುವುದಿಲ್ಲ, ನಡುವೆ ಸ್ಥಾನ ಖಾಲಿಯಾದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಈ ಸದನದ ಸ್ವಭಾವವನ್ನು ನಿರ್ಧರಿಸುವುದು ಆ ಪ್ರಶ್ನೆಗಳೇ. ಲೋಕಸಭೆಯ ಬಲ ಜನರ ನೇರ ಮತದಲ್ಲಿದ್ದರೆ ರಾಜ್ಯಸಭೆಯ ಬಲ ಅದರ ಕಾಲದ ಲೆಕ್ಕದಲ್ಲಿದೆ. ಆ ಲೆಕ್ಕ ತಪ್ಪಿದಾಗ ನಷ್ಟವಾಗುವುದು ರಾಜ್ಯಗಳಿಗೆ. ಅದಕ್ಕಾಗಿಯೇ ಇಲ್ಲಿ ಅಧಿಕಾರಾವಧಿಯ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಡಲಾಗಿದೆ.

ರಾಜ್ಯಸಭೆಯಲ್ಲಿ ಒಟ್ಟು ಎಷ್ಟು ಸದಸ್ಯರಿದ್ದಾರೆ?

ಸಂವಿಧಾನದ 80ನೇ ವಿಧಿಯ ಪ್ರಕಾರ ಗರಿಷ್ಠ ಮಿತಿ 250. ಅದರಲ್ಲಿ 238 ಮಂದಿ ರಾಜ್ಯಗಳ ಮತ್ತು ಕೇಂದ್ರಾಡಳಿತ ಪ್ರದೇಶಗಳ ಪ್ರತಿನಿಧಿಗಳು, 12 ಮಂದಿ ರಾಷ್ಟ್ರಪತಿಯವರು ನಾಮನಿರ್ದೇಶನ ಮಾಡುವವರು. ಸದ್ಯ ನಿಗದಿಯಾಗಿರುವ ಬಲ 245: ಆಯ್ಕೆಯಾಗುವವರು 233, ನಾಮನಿರ್ದೇಶಿತರು 12. ಸದನ 1952ರಲ್ಲಿ ಆರಂಭವಾದಾಗ 216 ಸದಸ್ಯರಿದ್ದರು.

ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ?

ಸಂವಿಧಾನದ ನಾಲ್ಕನೇ ಅನುಸೂಚಿಯಲ್ಲಿ ಪಟ್ಟಿ ಇದೆ. ಉತ್ತರ ಪ್ರದೇಶಕ್ಕೆ 31, ಮಹಾರಾಷ್ಟ್ರಕ್ಕೆ 19, ತಮಿಳುನಾಡಿಗೆ 18, ಕರ್ನಾಟಕಕ್ಕೆ 12, ಆಂಧ್ರ ಪ್ರದೇಶಕ್ಕೆ 11, ಕೇರಳಕ್ಕೆ 9, ತೆಲಂಗಾಣಕ್ಕೆ 7. ಗೋವಾ, ಸಿಕ್ಕಿಂ ಮತ್ತು ಈಶಾನ್ಯದ ಹಲವು ರಾಜ್ಯಗಳಿಗೆ ತಲಾ 1.

ಅಮೆರಿಕದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಸಮಾನ ಸ್ಥಾನಗಳಿವೆ. ನಮ್ಮ ಸಂವಿಧಾನ ರಚನಾಕಾರರು ಆ ದಾರಿ ಹಿಡಿಯಲಿಲ್ಲ. ಜನಸಂಖ್ಯೆಯ ಮೊದಲ 50 ಲಕ್ಷದವರೆಗೆ ಪ್ರತಿ 10 ಲಕ್ಷಕ್ಕೆ ಒಂದು ಸ್ಥಾನ, ಅದರಾಚೆಗೆ ಪ್ರತಿ 20 ಲಕ್ಷಕ್ಕೆ ಒಂದು ಎಂಬ ಸೂತ್ರವನ್ನು ಆಧಾರವಾಗಿಟ್ಟುಕೊಂಡರು. ಸಣ್ಣ ರಾಜ್ಯಗಳಿಗೆ ಇದರಿಂದ ಅಷ್ಟಿಷ್ಟು ಅನುಕೂಲವಾದರೂ ದೊಡ್ಡ ರಾಜ್ಯಗಳ ತೂಕವೇ ಹೆಚ್ಚು.

ಸದಸ್ಯರ ಅವಧಿ ಆರು ವರ್ಷ ಎಂದು ಸಂವಿಧಾನದಲ್ಲೇ ಬರೆದಿದೆಯೇ?

ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೂ ಎಡವುವ ಜಾಗ ಇದು. ಸಂವಿಧಾನದ 83(1)ನೇ ವಿಧಿ ಎರಡು ಮಾತುಗಳನ್ನು ಮಾತ್ರ ಹೇಳುತ್ತದೆ. ರಾಜ್ಯಸಭೆಯನ್ನು ವಿಸರ್ಜಿಸುವಂತಿಲ್ಲ, ಪ್ರತಿ ಎರಡನೇ ವರ್ಷದ ಕೊನೆಗೆ ಸದಸ್ಯರಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಮೂರನೇ ಒಂದು ಭಾಗದವರು ನಿವೃತ್ತರಾಗಬೇಕು. ಹೇಗೆ ಎಂಬುದನ್ನು ಸಂಸತ್ತು ಕಾನೂನಿನ ಮೂಲಕ ಗೊತ್ತುಪಡಿಸಬೇಕು. ಸಂಸತ್ತು ಅದನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 154ನೇ ಸೆಕ್ಷನ್‌ನಲ್ಲಿ ಮಾಡಿತು. ಆರು ವರ್ಷ ಎಂಬ ಸಂಖ್ಯೆ ಇರುವುದು ಅಲ್ಲಿ.

ಆದ್ದರಿಂದ ಕರ್ನಾಟಕದ 12 ಸ್ಥಾನಗಳಲ್ಲಿ ಎರಡು ವರ್ಷಕ್ಕೊಮ್ಮೆ ನಾಲ್ಕು ತೆರವಾಗುತ್ತವೆ. 2020ರಲ್ಲಿ ನಾಲ್ಕು, 2022ರಲ್ಲಿ ಬೇರೆ ನಾಲ್ಕು, 2024ರಲ್ಲಿ ಉಳಿದ ನಾಲ್ಕು. ಮತ್ತೆ 2026ರಲ್ಲಿ ಮೊದಲಿನ ನಾಲ್ಕರ ಸರದಿ.

ಈ ಏರ್ಪಾಡಿನ ಒಳಗುಟ್ಟನ್ನು ಗಮನಿಸಬೇಕು. ರಾಜ್ಯದಲ್ಲಿ ಒಂದು ಪಕ್ಷ ಭರ್ಜರಿಯಾಗಿ ಗೆದ್ದರೂ ಅದು ತನ್ನ ರಾಜ್ಯಸಭಾ ಸ್ಥಾನಗಳನ್ನೆಲ್ಲ ಒಂದೇ ಏಟಿಗೆ ಪಡೆಯಲಾರದು. ಹಳೆಯ ವಿಧಾನಸಭೆ ಆರಿಸಿ ಕಳಿಸಿದವರು ಇನ್ನೂ ಕೆಲವು ವರ್ಷ ದೆಹಲಿಯಲ್ಲಿರುತ್ತಾರೆ. ಹೀಗೆ ಬೇರೆ ಬೇರೆ ಕಾಲದ ಜನಾಭಿಪ್ರಾಯಗಳು ಒಂದೇ ಸದನದಲ್ಲಿ ಜೊತೆಯಾಗಿ ಕೂರುತ್ತವೆ. ಒಂದು ಚುನಾವಣೆಯ ಅಲೆ ಇಡೀ ಸಂಸತ್ತನ್ನು ಕೊಚ್ಚಿಕೊಂಡು ಹೋಗದಂತೆ ತಡೆಯುವುದು ಈ ಒಂದೇ ಏರ್ಪಾಡು.

1952ರಲ್ಲಿ ಎಲ್ಲರೂ ಒಟ್ಟಿಗೆ ಬಂದರಲ್ಲ, ಆಗ ಮೂರನೇ ಒಂದು ಭಾಗದವರನ್ನು ಹೇಗೆ ಗುರುತಿಸಿದರು?

ಸದನ ರಚನೆಯಾದದ್ದು 1952ರ ಏಪ್ರಿಲ್ 3ರಂದು. ಮೊದಲ ಬೈಠಕ್ ಅದೇ ವರ್ಷದ ಮೇ 13ರಂದು ನಡೆಯಿತು. ಎಲ್ಲರಿಗೂ ಆರು ವರ್ಷ ಕೊಟ್ಟಿದ್ದರೆ 1958ರಲ್ಲಿ ಸದನವೇ ಬರಿದಾಗುತ್ತಿತ್ತು. ಆದ್ದರಿಂದ ಚುನಾವಣಾ ಆಯೋಗದೊಂದಿಗೆ ಸಮಾಲೋಚಿಸಿ ರಾಷ್ಟ್ರಪತಿಯವರು ಕೆಲವರ ಅವಧಿಯನ್ನು ಮೊಟಕುಗೊಳಿಸುವ ಆದೇಶ ಹೊರಡಿಸಿದರು. ಚೀಟಿ ಎತ್ತಿ ಸದಸ್ಯರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಎರಡು ವರ್ಷ, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಪೂರ್ಣ ಆರು ವರ್ಷ. ಬಾಂಬೆ ರಾಜ್ಯದಿಂದ ಆಯ್ಕೆಯಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರ ಮೊದಲ ಅವಧಿ 1956ರ ಏಪ್ರಿಲ್ 2ಕ್ಕೆ ಮುಗಿದದ್ದು ಈ ಕಾರಣದಿಂದಲೇ. ಅವರು ಆಗಲೇ ಮರು ಆಯ್ಕೆಯಾದರು. ಅದೇ ವರ್ಷದ ಡಿಸೆಂಬರ್ 6ರಂದು ನಿಧನರಾಗುವವರೆಗೂ ಸದಸ್ಯರಾಗಿದ್ದರು.

2014ರಲ್ಲಿ ಆಂಧ್ರ ಪ್ರದೇಶ ಇಬ್ಭಾಗವಾದಾಗಲೂ ಚೀಟಿ ಎತ್ತಲಾಯಿತು. ಅವಿಭಜಿತ ರಾಜ್ಯದ 18 ಸ್ಥಾನಗಳಲ್ಲಿ 11 ಆಂಧ್ರಕ್ಕೆ, 7 ತೆಲಂಗಾಣಕ್ಕೆ ಹಂಚಿಕೆಯಾದವು. ಆದರೆ ಆಗ ಯಾರ ಅವಧಿಯೂ ಮೊಟಕಾಗಲಿಲ್ಲ, ಅವರು ಪ್ರತಿನಿಧಿಸುವ ರಾಜ್ಯ ಮಾತ್ರ ಬದಲಾಯಿತು.

ವಿಸರ್ಜನೆ ಇಲ್ಲದಿರುವುದರಿಂದ ನಿಜವಾದ ಉಪಯೋಗವೇನು?

ಲೋಕಸಭೆ ಇಲ್ಲದ ದಿನಗಳಲ್ಲಿ ಸಂಸತ್ತಿನ ಪರವಾಗಿ ಇರುವುದು ಈ ಸದನ ಒಂದೇ. ರಾಷ್ಟ್ರಪತಿ ಆಡಳಿತ ಅಥವಾ ತುರ್ತು ಪರಿಸ್ಥಿತಿಯ ಘೋಷಣೆಗೆ ನಿಗದಿತ ಕಾಲದೊಳಗೆ ಸಂಸತ್ತಿನ ಒಪ್ಪಿಗೆ ಬೇಕು. ಲೋಕಸಭೆ ವಿಸರ್ಜನೆಯಾಗಿದ್ದರೆ ರಾಜ್ಯಸಭೆಯ ಒಪ್ಪಿಗೆಯಿಂದ ಘೋಷಣೆ ತಾತ್ಕಾಲಿಕವಾಗಿ ಮುಂದುವರಿಯುತ್ತದೆ. ಹೊಸ ಲೋಕಸಭೆ ಸೇರಿದ 30 ದಿನಗಳೊಳಗೆ ಅದೂ ಒಪ್ಪಬೇಕು. 1977ರಲ್ಲಿ ತಮಿಳುನಾಡು ಮತ್ತು ನಾಗಾಲ್ಯಾಂಡ್‌ಗೆ, 1991ರಲ್ಲಿ ಹರಿಯಾಣಕ್ಕೆ ಸಂಬಂಧಿಸಿದಂತೆ ರಾಜ್ಯಸಭೆ ಹೀಗೆಯೇ ಒಂಟಿಯಾಗಿ ಸಭೆ ಸೇರಿತ್ತು.

ಮಸೂದೆಗಳ ವಿಷಯದಲ್ಲೂ ಇದರ ಫಲ ಕಾಣುತ್ತದೆ. ರಾಜ್ಯಸಭೆಯಲ್ಲಿ ಮಂಡನೆಯಾಗಿ, ಲೋಕಸಭೆ ಇನ್ನೂ ಅಂಗೀಕರಿಸದೆ ಅಲ್ಲೇ ಬಾಕಿ ಇರುವ ಮಸೂದೆ ಲೋಕಸಭೆಯ ವಿಸರ್ಜನೆಯಿಂದ ರದ್ದಾಗುವುದಿಲ್ಲ. 2008ರಲ್ಲಿ ಮಹಿಳಾ ಮೀಸಲಾತಿ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದ್ದರಿಂದ ಅದು 2009ರ ಚುನಾವಣೆಯನ್ನು ದಾಟಿ ಉಳಿಯಿತು. 2010ರ ಮಾರ್ಚ್ 9ರಂದು ಅಲ್ಲಿ ಅಂಗೀಕಾರವೂ ಆಯಿತು. ಆದರೆ ಲೋಕಸಭೆಗೆ ಹೋದ ಮೇಲೆ ಅದಕ್ಕೆ ಆ ರಕ್ಷಣೆ ಉಳಿಯಲಿಲ್ಲ. 2014ರಲ್ಲಿ ಲೋಕಸಭೆಯೊಂದಿಗೆ ಅದೂ ರದ್ದಾಯಿತು.

ಸದಸ್ಯರ ಅವಧಿ ಯಾವ ದಿನದಿಂದ ಆರಂಭ? ಪ್ರಮಾಣ ವಚನ ಸ್ವೀಕರಿಸಿದ ದಿನದಿಂದಲೇ?

ಅಲ್ಲ. ಆಯ್ಕೆಯಾದವರ ಹೆಸರನ್ನು ಅಧಿಸೂಚನೆಯಲ್ಲಿ ಪ್ರಕಟಿಸಿದ ದಿನದಿಂದ. ಫಲಿತಾಂಶ ಘೋಷಣೆಗೂ ಅವಧಿಯ ಆರಂಭಕ್ಕೂ ನಡುವೆ ವಾರಗಟ್ಟಲೆ ಅಂತರ ಇರಬಹುದು. ಕರ್ನಾಟಕದಲ್ಲಿ 2024ರ ಫೆಬ್ರವರಿ 27ರಂದು ಮತದಾನ ನಡೆದರೂ ಗೆದ್ದವರ ಅವಧಿ ಏಪ್ರಿಲ್ 3ರಂದು ಆರಂಭವಾಯಿತು, ಹಿಂದಿನವರ ಅವಧಿ ಏಪ್ರಿಲ್ 2ರವರೆಗೆ ಇದ್ದುದರಿಂದ.

ಪ್ರಮಾಣ ವಚನಕ್ಕೆ ಬೇರೆ ಮಹತ್ವವಿದೆ. ಅದಿಲ್ಲದೆ ಸದನದಲ್ಲಿ ಕುಳಿತರೆ ಅಥವಾ ಮತ ಹಾಕಿದರೆ 104ನೇ ವಿಧಿಯ ಪ್ರಕಾರ ದಿನಕ್ಕೆ 500 ರೂಪಾಯಿ ದಂಡ. ಪ್ರಮಾಣ ತಡವಾಯಿತೆಂದು ಆರು ವರ್ಷದ ಕೊನೆಯ ದಿನ ಮುಂದಕ್ಕೆ ಹೋಗುವುದಿಲ್ಲ.

ನಡುವೆ ಸ್ಥಾನ ಖಾಲಿಯಾದರೆ ಹೊಸಬರಿಗೆ ಆರು ವರ್ಷ ಸಿಗುತ್ತದೆಯೇ?

ಸಿಗುವುದಿಲ್ಲ. ಉಪಚುನಾವಣೆಯಲ್ಲಿ ಗೆದ್ದವರು ಹಿಂದಿನವರ ಉಳಿದ ಅವಧಿಯನ್ನು ಮಾತ್ರ ಪೂರೈಸುತ್ತಾರೆ. ಆರು ವರ್ಷದ ಲೆಕ್ಕ ಸ್ಥಾನಕ್ಕೆ ಸೇರಿದ್ದು, ಅದರಲ್ಲಿ ಕೂರುವ ವ್ಯಕ್ತಿಗೆ ಸೇರಿದ್ದಲ್ಲ. ಇದು ಮನಸ್ಸಿಗೆ ಬಂದರೆ ರಾಜ್ಯಸಭೆಯ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ನಮ್ಮ ರಾಜ್ಯದ್ದೇ ಒಂದು ನೋವಿನ ಉದಾಹರಣೆ ಇದೆ. 2020ರ ಜೂನ್‌ನಲ್ಲಿ ಮಲ್ಲಿಕಾರ್ಜುನ ಖರ್ಗೆ, ಎಚ್.ಡಿ. ದೇವೇಗೌಡ, ಈರಣ್ಣ ಕಡಾಡಿ ಮತ್ತು ಅಶೋಕ ಗಸ್ತಿ ಅವಿರೋಧವಾಗಿ ಆಯ್ಕೆಯಾದರು. ಗಸ್ತಿ ಅವರು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಆ ಸ್ಥಾನಕ್ಕೆ ಬಂದ ಕೆ. ನಾರಾಯಣ್ ಅವರ ಅವಧಿಗೆ 2026ರ ಜೂನ್ 25 ಎಂಬ ಹಳೆಯ ಕೊನೆಯ ದಿನವೇ ಅನ್ವಯವಾಯಿತು. ರಾಷ್ಟ್ರ ಮಟ್ಟದಲ್ಲಿ ಮನಮೋಹನ್ ಸಿಂಗ್ ಅವರದೂ ಇಂಥದೇ ಉದಾಹರಣೆ. 1991ರಿಂದ ಅಸ್ಸಾಂ ಪ್ರತಿನಿಧಿಯಾಗಿದ್ದ ಅವರು 2019ರಲ್ಲಿ ರಾಜಸ್ಥಾನದಿಂದ ಬಂದದ್ದು ಸದಸ್ಯರೊಬ್ಬರ ನಿಧನದಿಂದ ತೆರವಾದ ಸ್ಥಾನಕ್ಕೆ. ಆದ್ದರಿಂದಲೇ ಅವರು ಆರು ವರ್ಷ ತುಂಬುವ ಮೊದಲೇ, 2024ರ ಏಪ್ರಿಲ್ 3ರಂದು ನಿವೃತ್ತರಾದರು.

ಉಪಚುನಾವಣೆಯನ್ನು ಸ್ಥಾನ ತೆರವಾದ ಆರು ತಿಂಗಳೊಳಗೆ ನಡೆಸಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಈ ಕಡ್ಡಾಯ ಇಲ್ಲ.

ಒಂದೇ ರಾಜ್ಯದ ಎರಡು ಸ್ಥಾನಗಳು ನಡುವೆ ತೆರವಾದರೆ ಒಂದೇ ಚುನಾವಣೆ ಏಕೆ ನಡೆಸುವುದಿಲ್ಲ?

ಚುನಾವಣಾ ಆಯೋಗದ ನಿಲುವಿನಂತೆ ಹೀಗೆ ತೆರವಾದ ಪ್ರತಿ ಸ್ಥಾನವೂ ಪ್ರತ್ಯೇಕ. ಪ್ರತಿಯೊಂದಕ್ಕೂ ಬೇರೆ ಅಧಿಸೂಚನೆ, ಬೇರೆ ಮತದಾನ. 2019ರಲ್ಲಿ ಅಮಿತ್ ಶಾ ಮತ್ತು ಸ್ಮೃತಿ ಇರಾನಿ ಲೋಕಸಭೆಗೆ ಆಯ್ಕೆಯಾಗಿ ಗುಜರಾತಿನ ಎರಡು ಸ್ಥಾನಗಳು ತೆರವಾದಾಗ ಇದೇ ಕ್ರಮ ಅನುಸರಿಸಲಾಯಿತು. ವಿರೋಧ ಪಕ್ಷ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರೂ ಚುನಾವಣೆಗೆ ತಡೆ ಸಿಗಲಿಲ್ಲ.

ಇದರ ಪರಿಣಾಮ ದೊಡ್ಡದು. ಎರಡು ಸ್ಥಾನಕ್ಕೆ ಒಂದೇ ಚುನಾವಣೆಯಾದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಶಾಸಕರಿರುವ ಪಕ್ಷವೂ ಒಂದನ್ನು ಗೆಲ್ಲಬಹುದು. ಬೇರೆ ಬೇರೆಯಾಗಿ ನಡೆದರೆ ಬಹುಮತ ಇರುವ ಪಕ್ಷಕ್ಕೇ ಎರಡೂ ಹೋಗುತ್ತವೆ. ಅನುಪಾತ ಪ್ರಾತಿನಿಧ್ಯ, ಅಂದರೆ ಬಲಕ್ಕೆ ತಕ್ಕಷ್ಟು ಸ್ಥಾನ, ಎಂದು ಸಂವಿಧಾನ ಹೇಳಿರುವಾಗ ಒಂದೇ ಸ್ಥಾನದ ಚುನಾವಣೆಯಲ್ಲಿ ಅನುಪಾತಕ್ಕೆ ಅರ್ಥವೇ ಉಳಿಯುವುದಿಲ್ಲ. ಒಂದೇ ದಿನ ನಡೆಯುವ ಉಪಚುನಾವಣೆಗಳನ್ನಾದರೂ ಒಟ್ಟುಗೂಡಿಸಲು ಕಾಯ್ದೆಗೆ ತಿದ್ದುಪಡಿ ತರುವುದು ನ್ಯಾಯ ಎಂಬುದು ನನ್ನ ದೃಢ ಅಭಿಪ್ರಾಯ.

ವಿಧಾನಸಭೆಯೇ ಅಸ್ತಿತ್ವದಲ್ಲಿ ಇಲ್ಲದಿದ್ದರೆ?

ಆಗ ಮತ ಹಾಕುವವರೇ ಇಲ್ಲ. ಸ್ಥಾನಗಳು ಖಾಲಿ ಬೀಳುತ್ತವೆ. ಜಮ್ಮು ಮತ್ತು ಕಾಶ್ಮೀರದ ವಿಧಾನಸಭೆ 2018ರ ನವೆಂಬರ್‌ನಲ್ಲಿ ವಿಸರ್ಜನೆಯಾಯಿತು. ಅಲ್ಲಿನ ನಾಲ್ವರು ಸದಸ್ಯರ ಅವಧಿ 2021ರ ಫೆಬ್ರವರಿಯಲ್ಲಿ ಮುಗಿಯಿತು. ಆ ನಾಲ್ಕು ಸ್ಥಾನಗಳು ಭರ್ತಿಯಾದದ್ದು 2025ರ ಅಕ್ಟೋಬರ್‌ನಲ್ಲಿ. ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಆ ಪ್ರದೇಶದ ಪರವಾಗಿ ಮಾತನಾಡಲು ಮೇಲ್ಮನೆಯಲ್ಲಿ ಆಯ್ಕೆಯಾದ ಒಬ್ಬ ಪ್ರತಿನಿಧಿಯೂ ಇರಲಿಲ್ಲ.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಖಾಲಿ ಉಳಿದ ಸ್ಥಾನಗಳೆಲ್ಲ ಒಟ್ಟಿಗೆ ಭರ್ತಿಯಾದರೆ ಮುಂದೆ ಅವೆಲ್ಲ ಒಟ್ಟಿಗೇ ತೆರವಾಗುತ್ತವೆ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಎಂಬ ಸರದಿ ಆ ರಾಜ್ಯದ ಮಟ್ಟಿಗೆ ಮುರಿದುಬೀಳುತ್ತದೆ. ದೆಹಲಿಯ ಮೂರೂ ಸ್ಥಾನಗಳು ಏಕಕಾಲಕ್ಕೆ ತೆರವಾಗುತ್ತವೆ. ಪಂಜಾಬಿನಲ್ಲಿ ಏಳು ಸ್ಥಾನಗಳೂ 2022ರ ಒಂದೇ ವರ್ಷದಲ್ಲಿ, ಮಾರ್ಚ್‌ನಲ್ಲಿ ಐದು ಮತ್ತು ಜೂನ್‌ನಲ್ಲಿ ಎರಡರಂತೆ, ತುಂಬಿದವು. ಅಲ್ಲೆಲ್ಲ ಒಂದು ವಿಧಾನಸಭೆಯ ಬಲಾಬಲವೇ ಆರು ವರ್ಷದ ಪ್ರಾತಿನಿಧ್ಯವನ್ನು ಪೂರ್ತಿಯಾಗಿ ತೀರ್ಮಾನಿಸಿಬಿಡುತ್ತದೆ. 1952ರಲ್ಲಿ ಚೀಟಿ ಎತ್ತಿ ಸರಿಪಡಿಸಿದಂತೆ ಈಗಲೂ ಅವಧಿಗಳನ್ನು ಮತ್ತೆ ಸರದಿಗೆ ತರಬೇಕಾದರೆ ಅದಕ್ಕೆ ಹೊಸ ಕಾನೂನೇ ಬೇಕು. ಸಂಸತ್ತು ಈ ಕಡೆ ಗಮನ ಕೊಡಬೇಕು.

ಸದಸ್ಯರಾಗಲು ಅರ್ಹತೆ ಏನು?

ಭಾರತದ ಪ್ರಜೆಯಾಗಿರಬೇಕು, 30 ವರ್ಷ ತುಂಬಿರಬೇಕು, ದೇಶದ ಯಾವುದಾದರೂ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಾಮಪತ್ರಕ್ಕೆ ವಿಧಾನಸಭೆಯ ಚುನಾಯಿತ ಸದಸ್ಯರಲ್ಲಿ ಶೇ 10ರಷ್ಟು ಅಥವಾ 10 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸೂಚಕರ ಸಹಿ ಬೇಕು. ಕರ್ನಾಟಕದಲ್ಲಿ ಅದು 10.

ಬೇರೆ ರಾಜ್ಯದವರು ಕರ್ನಾಟಕದಿಂದ ಆಯ್ಕೆಯಾಗಬಹುದೇ?

ಆಗಬಹುದು. 2003ಕ್ಕೆ ಮೊದಲು ಅಭ್ಯರ್ಥಿ ತಾನು ಪ್ರತಿನಿಧಿಸುವ ರಾಜ್ಯದಲ್ಲೇ ಮತದಾರನಾಗಿರಬೇಕಿತ್ತು. ಆ ವರ್ಷದ ತಿದ್ದುಪಡಿ ಆ ಷರತ್ತನ್ನು ತೆಗೆಯಿತು. ಅದನ್ನು ಪ್ರಶ್ನಿಸಿ ಪತ್ರಕರ್ತ ಕುಲದೀಪ್ ನಯ್ಯರ್ ಸುಪ್ರೀಂ ಕೋರ್ಟ್‌ಗೆ ಹೋದರು. ವಾಸಸ್ಥಳದ ಷರತ್ತು ಒಕ್ಕೂಟ ವ್ಯವಸ್ಥೆಗೆ ಅನಿವಾರ್ಯವಲ್ಲ ಎಂದು ನ್ಯಾಯಾಲಯ 2006ರಲ್ಲಿ ತೀರ್ಪು ನೀಡಿತು.

ನಿರ್ಮಲಾ ಸೀತಾರಾಮನ್ ಮೊದಲು ಆಂಧ್ರ ಪ್ರದೇಶದಿಂದ, 2016ರಿಂದ ಕರ್ನಾಟಕದಿಂದ ಆಯ್ಕೆಯಾದವರು. ಜೈರಾಮ್ ರಮೇಶ್ ಅವರದೂ ಇದೇ ಹಾದಿ. ವೆಂಕಯ್ಯ ನಾಯ್ಡು ಮೂರು ಬಾರಿ ಕರ್ನಾಟಕದಿಂದ, ಬಳಿಕ ರಾಜಸ್ಥಾನದಿಂದ ಹೋದರು. ಕಾನೂನು ಒಪ್ಪಿದೆ, ಸರಿ. ಆದರೂ ಮಹದಾಯಿ, ಕಾವೇರಿ, ತೆರಿಗೆ ಹಂಚಿಕೆಯಂಥ ವಿಷಯಗಳು ಬಂದಾಗ ರಾಜ್ಯದ ಪರ ನಿಲ್ಲುವ ಹೊಣೆ 12 ಮಂದಿಯ ಮೇಲೂ ಸಮಾನವಾಗಿದೆ. ಎಲ್ಲಿಂದ ಬಂದವರು ಎಂಬುದಕ್ಕಿಂತ ಆ ಹೊಣೆಯನ್ನು ಹೊತ್ತರೇ ಎಂದು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು.

ಮತ ಹಾಕುವವರು ಯಾರು? ಕರ್ನಾಟಕದಲ್ಲಿ 45 ಮತ ಬೇಕು ಎನ್ನುತ್ತಾರಲ್ಲ, ಆ ಸಂಖ್ಯೆ ಎಲ್ಲಿಂದ ಬಂತು?

ಮತದಾರರು ವಿಧಾನಸಭೆಯ ಚುನಾಯಿತ ಸದಸ್ಯರು ಮಾತ್ರ. ವಿಧಾನ ಪರಿಷತ್ತಿನ ಸದಸ್ಯರಿಗೆ ಮತವಿಲ್ಲ. ಮತಪತ್ರದಲ್ಲಿ ಅಭ್ಯರ್ಥಿಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು.

ಪ್ರತಿ ಮತಪತ್ರದ ಮೌಲ್ಯ 100. ಕರ್ನಾಟಕದ 224 ಶಾಸಕರೂ ಮತ ಹಾಕಿದರೆ ಒಟ್ಟು ಮೌಲ್ಯ 22,400. ತುಂಬಬೇಕಾದ ಸ್ಥಾನ ನಾಲ್ಕು. ಅದಕ್ಕೆ ಒಂದು ಸೇರಿಸಿ ಐದರಿಂದ ಭಾಗಿಸಿದರೆ 4,480. ಅದಕ್ಕೆ ಒಂದು ಕೂಡಿಸಿದರೆ 4,481. ಇದೇ ಗೆಲುವಿನ ಮಟ್ಟ. 44 ಮತಪತ್ರಗಳ ಮೌಲ್ಯ 4,400 ಸಾಲದು, ಆದ್ದರಿಂದ 45 ಬೇಕು. ಗೆದ್ದವರ ಹೆಚ್ಚುವರಿ ಮೌಲ್ಯ ಎರಡನೇ ಪ್ರಾಶಸ್ತ್ಯದವರಿಗೆ ವರ್ಗವಾಗುತ್ತದೆ. ಅದರಿಂದಲೂ ಇತ್ಯರ್ಥವಾಗದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು ಅವರ ಮತಗಳನ್ನು ಹಂಚಲಾಗುತ್ತದೆ.

2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಸ್ಥಾನ ಗೆದ್ದವು. 135 ಎಂದರೆ ಮೂರು ಸಲ 45. ಬಿಜೆಪಿಗೆ ಒಂದು ಸ್ಥಾನ ಗೆದ್ದ ಮೇಲೆ 21 ಮತ ಉಳಿಯುತ್ತಿತ್ತು, ಜೆಡಿಎಸ್‌ನ 19 ಸೇರಿದರೂ 40. ಹೀಗಾಗಿ 2024ರಲ್ಲಿ ಐದು ಮಂದಿ ಕಣದಲ್ಲಿದ್ದರೂ ಫಲಿತಾಂಶ ಬಹುಮಟ್ಟಿಗೆ ಮೊದಲೇ ತಿಳಿದಿತ್ತು: ಕಾಂಗ್ರೆಸ್‌ಗೆ ಮೂರು, ಬಿಜೆಪಿಗೆ ಒಂದು. 2022ರ ಕತೆ ಬೇರೆ. ಆಗ ನಾಲ್ಕನೇ ಸ್ಥಾನಕ್ಕೆ ಬೇಕಾದ 45 ಮತ ಮೂರು ಪಕ್ಷಗಳಲ್ಲಿ ಯಾವುದರ ಬಳಿಯೂ ಇರಲಿಲ್ಲ. ಮೂವರು ಸ್ಪರ್ಧಿಸಿ, ಕೊನೆಗೆ ಬಿಜೆಪಿಯ ಲೆಹರ್ ಸಿಂಗ್ ಗೆದ್ದರು.

ಪಕ್ಷದ ಸೂಚನೆ ಮೀರಿ ಮತ ಹಾಕಿದ ಶಾಸಕರ ಸದಸ್ಯತ್ವ ಹೋಗುತ್ತದೆಯೇ?

ಅಡ್ಡ ಮತದಾನ ಮಾಡಿದ್ದಕ್ಕೆ ಮಾತ್ರ ಪಕ್ಷಾಂತರ ನಿಷೇಧದಡಿ ಅನರ್ಹತೆ ಬರುವುದಿಲ್ಲ. ಇದು ಸದನದ ಒಳಗಿನ ಕಲಾಪವಲ್ಲ. ಪಕ್ಷ ಬೇಕಾದರೆ ಶಿಸ್ತು ಕ್ರಮ ತೆಗೆದುಕೊಳ್ಳಬಹುದು.

ಆದರೆ ಮತ ಗುಟ್ಟಾಗಿ ಉಳಿಯುವುದಿಲ್ಲ. 2003ರಿಂದ ಇಲ್ಲಿ ಬಹಿರಂಗ ಮತದಾನ. ಗುರುತು ಹಾಕಿದ ಮತಪತ್ರವನ್ನು ಶಾಸಕರು ತಮ್ಮ ಪಕ್ಷದ ಅಧಿಕೃತ ಏಜೆಂಟರಿಗೆ ತೋರಿಸಬೇಕು, ಅವರಿಗೆ ಮಾತ್ರ ತೋರಿಸಬೇಕು. 2017ರಲ್ಲಿ ಗುಜರಾತಿನ ಇಬ್ಬರು ಶಾಸಕರು ಬೇರೆಯವರಿಗೂ ತೋರಿಸಿದ್ದರಿಂದ ಆ ಎರಡು ಮತಗಳು ಅಸಿಂಧುವಾದವು, ಅಹ್ಮದ್ ಪಟೇಲ್ ಅವರ ಗೆಲುವಿಗೆ ಅದೇ ದಾರಿಯಾಯಿತು. ನೋಟಾ ಆಯ್ಕೆ ಈ ಚುನಾವಣೆಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ನಾಮನಿರ್ದೇಶಿತ ಸದಸ್ಯರಿಗೂ ಅದೇ ಅವಧಿಯೇ?

ಹೌದು, ಆರು ವರ್ಷ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜ ಸೇವೆಯಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರುವವರಿಗೆ ಈ ಸ್ಥಾನಗಳು ಮೀಸಲು. 1952ರ ಮೊದಲ ಪಟ್ಟಿಯಲ್ಲಿ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್, ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್, ನಟ ಪೃಥ್ವಿರಾಜ್ ಕಪೂರ್, ಹಿಂದಿ ಕವಿ ಮೈಥಿಲೀಶರಣ ಗುಪ್ತ ಇದ್ದರು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆ 2022ರಲ್ಲಿ, ಸುಧಾ ಮೂರ್ತಿ 2024ರಲ್ಲಿ ನಾಮನಿರ್ದೇಶನಗೊಂಡರು.

ಇವರು ಕರ್ನಾಟಕದವರಾದರೂ ಕರ್ನಾಟಕದ 12 ಸ್ಥಾನಗಳ ಲೆಕ್ಕದಲ್ಲಿ ಸೇರುವುದಿಲ್ಲ. ಸದನದಲ್ಲಿ ಮತ ಹಾಕುವ ಪೂರ್ಣ ಹಕ್ಕು ಇವರಿಗಿದೆ. ಉಪರಾಷ್ಟ್ರಪತಿ ಚುನಾವಣೆಯಲ್ಲೂ ಮತ ಇದೆ, ರಾಷ್ಟ್ರಪತಿ ಚುನಾವಣೆಯಲ್ಲಿ ಇಲ್ಲ. ಪಕ್ಷವೊಂದನ್ನು ಸೇರುವುದಾದರೆ ಸ್ಥಾನ ಸ್ವೀಕರಿಸಿದ ಆರು ತಿಂಗಳೊಳಗೆ ಸೇರಬೇಕು. ಆಮೇಲೆ ಸೇರಿದರೆ ಅನರ್ಹರಾಗುತ್ತಾರೆ. ಪಕ್ಷೇತರರಾಗಿ ಆಯ್ಕೆಯಾದವರಿಗೆ ಆ ಆರು ತಿಂಗಳ ಅವಕಾಶವೂ ಇಲ್ಲ.

ಆರು ವರ್ಷ ತುಂಬುವ ಮೊದಲೇ ಸದಸ್ಯತ್ವ ಹೋಗುವ ಸಂದರ್ಭಗಳು ಯಾವುವು?

ಲಾಭದಾಯಕ ಹುದ್ದೆ ಹೊಂದುವುದು, ಪೌರತ್ವ ಕಳೆದುಕೊಳ್ಳುವುದು, ದಿವಾಳಿಯೆಂದು ಘೋಷಣೆಯಾಗುವುದು, ಪಕ್ಷಾಂತರ, ಅಪರಾಧ ಸಾಬೀತಾಗಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾಗುವುದು ಇವುಗಳಲ್ಲಿ ಮುಖ್ಯ. ಇವುಗಳಲ್ಲಿ ಕೆಲವಕ್ಕೆ ರಾಜ್ಯಸಭೆಯಲ್ಲೇ ನಿದರ್ಶನಗಳು ಸಿಗುತ್ತವೆ. ಲಾಭದಾಯಕ ಹುದ್ದೆಯ ಕಾರಣಕ್ಕೆ 2006ರಲ್ಲಿ ಜಯಾ ಬಚ್ಚನ್ ಅನರ್ಹರಾದರು. 2013ರಲ್ಲಿ ಲಿಲಿ ಥಾಮಸ್ ಪ್ರಕರಣದ ತೀರ್ಪು ಶಿಕ್ಷೆಯಾದ ಕೂಡಲೇ ಸದಸ್ಯತ್ವ ಹೋಗುವಂತೆ ಮಾಡಿದ ಮೇಲೆ ಮೊದಲು ಸ್ಥಾನ ಕಳೆದುಕೊಂಡ ಸಂಸದ ರಾಜ್ಯಸಭೆಯ ರಶೀದ್ ಮಸೂದ್. ಪಕ್ಷಾಂತರ ನಿಷೇಧದಡಿ 2017ರ ಡಿಸೆಂಬರ್‌ನಲ್ಲಿ ಶರದ್ ಯಾದವ್ ಮತ್ತು ಅಲಿ ಅನ್ವರ್ ಅನರ್ಹಗೊಂಡರು.

ಅನುಮತಿ ಇಲ್ಲದೆ 60 ದಿನ ಗೈರಾದರೆ ಸದನ ಆ ಸ್ಥಾನವನ್ನು ಖಾಲಿ ಎಂದು ಘೋಷಿಸಬಹುದು. ಈ ಲೆಕ್ಕದಲ್ಲಿ ಅಧಿವೇಶನ ಮುಕ್ತಾಯಗೊಂಡಿರುವ ಕಾಲವೂ, ಸತತ ನಾಲ್ಕು ದಿನಗಳಿಗಿಂತ ಹೆಚ್ಚು ಸದನ ಮುಂದೂಡಿದ ಕಾಲವೂ ಸೇರುವುದಿಲ್ಲ. ಆದ್ದರಿಂದ ಕ್ಯಾಲೆಂಡರ್‌ನ ಎರಡು ತಿಂಗಳು ಎಂದು ಅರ್ಥ ಮಾಡಿಕೊಳ್ಳಬಾರದು.

ಇದಲ್ಲದೆ ಸದನವೇ ಉಚ್ಚಾಟಿಸಬಹುದು. 1976ರಲ್ಲಿ ಸುಬ್ರಮಣಿಯನ್ ಸ್ವಾಮಿ, 2005ರಲ್ಲಿ ಪ್ರಶ್ನೆಗಾಗಿ ಹಣ ಪ್ರಕರಣದಲ್ಲಿ ಛತ್ರಪಾಲ್ ಸಿಂಗ್ ಲೋಧಾ ಉಚ್ಚಾಟನೆಗೊಂಡರು. ಸಂಸತ್ತಿಗೆ ಈ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಎತ್ತಿಹಿಡಿಯಿತು.

ರಾಜೀನಾಮೆ ಕೊಟ್ಟ ಕೂಡಲೇ ಸ್ಥಾನ ತೆರವಾಗುತ್ತದೆಯೇ?

ಸಭಾಪತಿ ಅಂಗೀಕರಿಸಿದ ಮೇಲೆ ಮಾತ್ರ. ರಾಜೀನಾಮೆ ಸ್ವಇಚ್ಛೆಯದ್ದು, ನೈಜವಾದದ್ದು ಎಂದು ಅವರಿಗೆ ಮನವರಿಕೆಯಾಗಬೇಕು. ಒತ್ತಡ ಹೇರಿ ರಾಜೀನಾಮೆ ಬರೆಸಿಕೊಳ್ಳುವುದನ್ನು ತಡೆಯಲು 1974ರ 33ನೇ ತಿದ್ದುಪಡಿ ಈ ನಿಯಮ ತಂದಿತು. 2016ರ ಮೇ ತಿಂಗಳಲ್ಲಿ, ಕರ್ನಾಟಕದಿಂದ ಆಯ್ಕೆಯಾಗಿದ್ದ ವಿಜಯ್ ಮಲ್ಯ ಕಳಿಸಿದ ಮೊದಲ ಪತ್ರದಲ್ಲಿ ಮೂಲ ಸಹಿ ಇಲ್ಲವೆಂದು ಸಭಾಪತಿ ಹಮೀದ್ ಅನ್ಸಾರಿ ತಿರಸ್ಕರಿಸಿದ್ದರು; ಮತ್ತೆ ಕಳಿಸಿದ್ದು ಅಂಗೀಕಾರವಾಯಿತು.

ರಾಜ್ಯಸಭಾ ಸದಸ್ಯರು ಲೋಕಸಭೆಗೂ ಗೆದ್ದರೆ?

ಲೋಕಸಭೆಗೆ ಆಯ್ಕೆಯಾದ ದಿನವೇ ರಾಜ್ಯಸಭಾ ಸ್ಥಾನ ತಾನಾಗಿ ತೆರವಾಗುತ್ತದೆ. ರಾಜ್ಯದ ಶಾಸಕರು ಸಂಸತ್ತಿಗೆ ಆಯ್ಕೆಯಾದರೆ 14 ದಿನಗಳೊಳಗೆ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡಬೇಕು. ಕೊಡದಿದ್ದರೆ ಹೋಗುವುದು ಸಂಸತ್ತಿನ ಸ್ಥಾನ.

ಎಷ್ಟು ಸಲ ಬೇಕಾದರೂ ಸದಸ್ಯರಾಗಬಹುದೇ? ಪ್ರಧಾನಿಯೂ ಆಗಬಹುದೇ?

ಎರಡಕ್ಕೂ ಉತ್ತರ ಹೌದು. ಮರು ಆಯ್ಕೆಗೆ ಮಿತಿ ಇಲ್ಲ. ಇಂದಿರಾ ಗಾಂಧಿ 1966ರಲ್ಲಿ ಪ್ರಧಾನಿಯಾದಾಗ ರಾಜ್ಯಸಭಾ ಸದಸ್ಯೆ. ಐ.ಕೆ. ಗುಜ್ರಾಲ್ ಮತ್ತು ಮನಮೋಹನ್ ಸಿಂಗ್ ಇದೇ ಸದನದವರು. ಎಚ್.ಡಿ. ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದಾಗ ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ; ಆರು ತಿಂಗಳ ಗಡುವಿನೊಳಗೆ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು.

ಸಭಾಪತಿ, ಉಪಸಭಾಪತಿಗಳ ಅವಧಿ ಹೇಗೆ?

ಉಪರಾಷ್ಟ್ರಪತಿಯೇ ಸಭಾಪತಿ. ಅವರು ಸದನದ ಸದಸ್ಯರಲ್ಲ, ಅವರ ಅವಧಿ ಐದು ವರ್ಷ. ನಮ್ಮ ಬಿ.ಡಿ. ಜತ್ತಿ 1974ರಿಂದ 1979ರವರೆಗೆ ಆ ಸ್ಥಾನದಲ್ಲಿದ್ದರು. ಉಪಸಭಾಪತಿ ಸದಸ್ಯರೊಳಗಿನಿಂದಲೇ ಆಯ್ಕೆಯಾಗುವುದರಿಂದ ಸದಸ್ಯತ್ವ ಮುಗಿದ ದಿನ ಆ ಹುದ್ದೆಯೂ ಮುಗಿಯುತ್ತದೆ. 2018ರಲ್ಲಿ ಉಪಸಭಾಪತಿಯಾದ ಹರಿವಂಶ್ ಅವರ ಸದಸ್ಯತ್ವ 2020ರ ಏಪ್ರಿಲ್‌ನಲ್ಲಿ ಮುಗಿಯಿತು. ಅವರು ಬಿಹಾರದಿಂದ ಮತ್ತೆ ಸದಸ್ಯರಾಗಿ ಬಂದರೂ ಉಪಸಭಾಪತಿ ಹುದ್ದೆಗೆ ಸೆಪ್ಟೆಂಬರ್ 14ರಂದು ಹೊಸದಾಗಿ ಚುನಾಯಿತರಾಗಬೇಕಾಯಿತು. ಕರ್ನಾಟಕದ ಕೆ. ರೆಹಮಾನ್ ಖಾನ್ 2004ರಿಂದ 2012ರವರೆಗೆ ಈ ಹುದ್ದೆಯಲ್ಲಿದ್ದರು.

ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೀಸಲು ಸ್ಥಾನಗಳಿವೆಯೇ?

ಇಲ್ಲ. 2023ರ 106ನೇ ತಿದ್ದುಪಡಿ ಲೋಕಸಭೆ, ರಾಜ್ಯಗಳ ವಿಧಾನಸಭೆ ಮತ್ತು ದೆಹಲಿ ವಿಧಾನಸಭೆಗೆ ಮಾತ್ರ ಸಂಬಂಧಿಸಿದ್ದು. ಪ್ರಾಶಸ್ತ್ಯ ಮತದ ಪದ್ಧತಿಯಲ್ಲಿ ಸ್ಥಾನ ಕಾಯ್ದಿರಿಸುವುದು ಸುಲಭವಲ್ಲ ಎಂಬ ವಾದವಿದೆ. ಆದರೆ ಟಿಕೆಟ್ ಕೊಡುವುದು ಪಕ್ಷಗಳ ಕೈಯಲ್ಲೇ ಇದೆ. ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಅಲ್ಪಾವಧಿಗೆ ಸದಸ್ಯರಾದವರಿಗೂ ಪಿಂಚಣಿ ಇದೆಯೇ?

ಇದೆ. ಪಿಂಚಣಿಗೆ ಕನಿಷ್ಠ ಸೇವಾವಧಿಯ ಷರತ್ತು ಇಲ್ಲ. 2023ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಪರಿಷ್ಕರಿಸಿದ ದರದಲ್ಲಿ ಮಾಜಿ ಸದಸ್ಯರ ಪಿಂಚಣಿ ತಿಂಗಳಿಗೆ 31,000 ರೂಪಾಯಿ. ಐದು ವರ್ಷ ಮೀರಿದ ಪ್ರತಿ ವರ್ಷದ ಸೇವೆಗೆ ತಿಂಗಳಿಗೆ 2,500 ರೂಪಾಯಿ ಹೆಚ್ಚುವರಿ.

ವಿಧಾನ ಪರಿಷತ್ತಿಗೂ ಇದೇ ನಿಯಮವೇ?

ಅವಧಿ ಮತ್ತು ಸರದಿ ಒಂದೇ: ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದ ನಿವೃತ್ತಿ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಕರ್ನಾಟಕದ 75 ಸದಸ್ಯರ ಪರಿಷತ್ತಿಗೆ ಶಾಸಕರಲ್ಲದೆ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು, ಪದವೀಧರರು, ಶಿಕ್ಷಕರೂ ಮತ ಹಾಕುತ್ತಾರೆ. ವಿಧಾನಸಭೆ ನಿರ್ಣಯ ಮಾಡಿ ಕೋರಿದರೆ ಸಂಸತ್ತು ಸಾಮಾನ್ಯ ಕಾನೂನಿನ ಮೂಲಕ ಪರಿಷತ್ತನ್ನೇ ರದ್ದುಪಡಿಸಬಹುದು. ರಾಜ್ಯಸಭೆಯನ್ನು ಹಾಗೆ ಸಾಮಾನ್ಯ ಕಾನೂನಿನಿಂದ ರದ್ದುಪಡಿಸಲು ಅವಕಾಶವಿಲ್ಲ.